ಆರು ತಿಂಗಳ ಜಿಎಸ್‌ಟಿ 3ಬಿ ಬಾಕಿ, ಆರ್‌ಇಜಿ-17 ಬಂದಿದೆ: ದಂಡ ಎಷ್ಟಾಗ್ತದೆ, ಮೊದಲು ಯಾವುದು ಮುಗಿಸಬೇಕು?

ಸಂತೆಕಟ್ಟೆ ಲೆಡ್ಜರ್ · 17 ನವೆಂಬರ್ 2025

ಉಡುಪಿ ಸಂತೆಕಟ್ಟೆ ಬದಿಯ ಒಂದು ಹಾರ್ಡ್‌ವೇರ್ ಅಂಗಡಿಯ ಲೆಕ್ಕ. ಪಾಲುದಾರಿಕೆ ಸಂಸ್ಥೆ, ಇಬ್ಬರು ಪಾಲುದಾರರು. ಪಿವಿಸಿ ಪೈಪು, ಫಿಟ್ಟಿಂಗು, ಪೈಂಟು, ಎಲ್ಲ 18%ರ ಮಾಲು. 2024-25ರ ವಹಿವಾಟು 2.60 ಕೋಟಿ. ತಿಂಗಳು ತಿಂಗಳು ರಿಟರ್ನ್ ಹಾಕುವವರು.

ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಆರು 3ಬಿ (ತೆರಿಗೆ ಕಟ್ಟುವ ತಿಂಗಳ ರಿಟರ್ನ್) ಬಾಕಿ. ಏಪ್ರಿಲ್‌ನ ಜಿಎಸ್‌ಟಿಆರ್-1 (ಮಾರಾಟದ ಬಿಲ್ಲುಗಳ ಪಟ್ಟಿ) ಮಾತ್ರ ಹೋಗಿದೆ, ಮೇ ತಿಂಗಳದ್ದನ್ನು ಪೋರ್ಟಲ್ ತೆಗೆದುಕೊಳ್ಳುತ್ತಿಲ್ಲ. ತಿಂಗಳಿಗೆ ಸರಾಸರಿ ಔಟ್‌ಪುಟ್ ತೆರಿಗೆ 3.90 ಲಕ್ಷ, ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಆಗಲೇ ಕೊಟ್ಟ ತೆರಿಗೆ) 3.30 ಲಕ್ಷ, ನಗದಾಗಿ ಕಟ್ಟಬೇಕಾದ್ದು 60,000. ಮೊನ್ನೆ 12ಕ್ಕೆ ಆರ್‌ಇಜಿ-17 (ನೋಂದಣಿ ಯಾಕೆ ರದ್ದು ಮಾಡಬಾರದು ಅಂತ ಕೇಳುವ) ನೋಟಿಸ್ ಬಂತು. ಅಂದಿನಿಂದಲೇ ನೋಂದಣಿ ಅಮಾನತು ಅಂತ ಅದರಲ್ಲೇ ಉಂಟು.

ಜೊತೆಗೆ ಗೋದಾಮಿನ ಬಾಡಿಗೆ ತಿಂಗಳಿಗೆ 60,000. 10% ಟಿಡಿಎಸ್ ಹಿಡಿದಿದ್ದಾರೆ, ಏಪ್ರಿಲ್‌ನಿಂದ ಚಲನ್ ಕಟ್ಟಿಲ್ಲ, 26ಕ್ಯೂ (ಟಿಡಿಎಸ್‌ನ ತ್ರೈಮಾಸಿಕ ಸ್ಟೇಟ್‌ಮೆಂಟ್) ಹಾಕಿಲ್ಲ. ಕಳೆದ ವರ್ಷದ ಟ್ಯಾಕ್ಸ್ ಆಡಿಟ್ ವರದಿಯೂ 10ನೇ ತಾರೀಕಿನೊಳಗೆ ಅಪ್‌ಲೋಡ್ ಆಗಿಲ್ಲ. ಕೌಂಟರ್‌ನಲ್ಲಿ ನಗದು ವ್ಯಾಪಾರ 5%ಕ್ಕಿಂತ ಜಾಸ್ತಿ ಇರುವುದರಿಂದ ಆಡಿಟ್ ಬೇಡ ಎನ್ನುವ 10 ಕೋಟಿಯ ಮಿತಿ ಇವರಿಗೆ ಸಿಕ್ಕುವುದಿಲ್ಲ.

ಎಲ್ಲ ಸೇರಿ ಎಷ್ಟಾಗಬಹುದು? ಯಾವುದರಿಂದ ಶುರು ಮಾಡಬೇಕು? ಪಾಲುದಾರರಿಗೆ ಜೈಲಿನ ಹೆದರಿಕೆ ಬೇರೆ ಹಿಡಿದಿದೆ.

---

ಬಂದರು ಬಿಲ್‌ಬುಕ್

ಮೊದಲು ತಾರೀಕು ನೋಡಿ. ಆರ್‌ಇಜಿ-17ಕ್ಕೆ ಉತ್ತರ ಕೊಡಲು ಏಳು ಕೆಲಸದ ದಿನ. 12ರಿಂದ ಲೆಕ್ಕ ಹಾಕಿದರೆ ಇದೇ ಶುಕ್ರವಾರ, 21ಕ್ಕೆ ಮುಗೀತದೆ. ಅಕ್ಟೋಬರ್‌ನ 3ಬಿಗೆ ಗುರುವಾರ 20 ಕಡೆಯ ದಿನ. ಹಾಗಾಗಿ 20ರೊಳಗೆ ಏಳೂ ರಿಟರ್ನ್ ಹೋಗಬೇಕು ಅಂತ ಇಟ್ಟುಕೊಳ್ಳಿ.

ಕ್ರಮ ತಪ್ಪಿಸಲು ಪೋರ್ಟಲ್ ಬಿಡುವುದಿಲ್ಲ. ಹಿಂದಿನ ತಿಂಗಳ 3ಬಿ ಇಲ್ಲದೆ ಮುಂದಿನ ತಿಂಗಳ ಜಿಎಸ್‌ಟಿಆರ್-1 ತೆರೆಯುವುದಿಲ್ಲ (ನಿಯಮ 59(6)), ಅದೇ ತಿಂಗಳ ಜಿಎಸ್‌ಟಿಆರ್-1 ಇಲ್ಲದೆ 3ಬಿ ಹೋಗುವುದಿಲ್ಲ. ಮೇ ತಿಂಗಳದ್ದು ಸಿಕ್ಕಿಕೊಂಡದ್ದು ಇದಕ್ಕೇ. ಈಗ ಏಪ್ರಿಲ್ 3ಬಿ, ಆಮೇಲೆ ಮೇ ಜಿಎಸ್‌ಟಿಆರ್-1, ಮೇ 3ಬಿ, ಜೂನ್ ಜಿಎಸ್‌ಟಿಆರ್-1, ಜೂನ್ 3ಬಿ, ಹೀಗೆ ಮೆಟ್ಟಿಲು ಹತ್ತಿದ ಹಾಗೆ ಹೋಗಬೇಕು. ನೋಂದಣಿ ಅಮಾನತಾಗಿದ್ದರೂ ಬಾಕಿ ರಿಟರ್ನ್ ಹಾಕಲು ಅಡ್ಡಿ ಇಲ್ಲ.

ಲೇಟ್ ಫೀ ದಿನಕ್ಕೆ 50 ರೂಪಾಯಿ, ಕೇಂದ್ರಕ್ಕೆ 25, ರಾಜ್ಯಕ್ಕೆ 25. ಹಿಂದಿನ ವರ್ಷದ ವಹಿವಾಟು ಒಂದೂವರೆ ಕೋಟಿಯಿಂದ 5 ಕೋಟಿಯ ನಡುವೆ ಇದ್ದರೆ ಒಂದು ರಿಟರ್ನಿಗೆ 5,000ಕ್ಕೆ ನಿಲ್ತದೆ, ಅಂದರೆ 100 ದಿನಕ್ಕೆ. ಒಂದೂವರೆ ಕೋಟಿಯೊಳಗಿನವರಿಗೆ ಮಿತಿ 2,000, ನಿಲ್ (ವ್ಯಾಪಾರವೇ ಇಲ್ಲ ಎನ್ನುವ) ರಿಟರ್ನಿಗೆ ದಿನಕ್ಕೆ 20, ಮಿತಿ 500. ನಿಮ್ಮ ಲೆಕ್ಕ 20ಕ್ಕೆ ಹಾಕಿದರೆ:

ಏಪ್ರಿಲ್, ಮೇ, ಜೂನ್: ಮೂರೂ 5,000ದ ಮಿತಿ ಮುಟ್ಟಿವೆ, 15,000.
ಜುಲೈ: 92 ದಿನ, 4,600.
ಆಗಸ್ಟ್: 61 ದಿನ, 3,050.
ಸೆಪ್ಟೆಂಬರ್: ದೀಪಾವಳಿಗೆ ಅಂತ ಕಡೆಯ ದಿನ 25 ಅಕ್ಟೋಬರ್‌ಗೆ ಹೋಗಿತ್ತು, ಹಾಗಾಗಿ 26 ದಿನ, 1,300.
ಒಟ್ಟು 23,950.

ಬಡ್ಡಿ 18%, ಆದರೆ ಕ್ರೆಡಿಟ್ ಕಳೆದು ನಗದಾಗಿ ಕಟ್ಟುವ 60,000ದ ಮೇಲೆ ಮಾತ್ರ. ಪೂರ್ತಿ 3.90 ಲಕ್ಷಕ್ಕೆ ಬಡ್ಡಿ ಹಾಕಿ ಹೆದರುವವರು ಈಗಲೂ ಇದ್ದಾರೆ. ಏಪ್ರಿಲ್‌ಗೆ 184 ದಿನ, 5,444 ರೂಪಾಯಿ. ಸೆಪ್ಟೆಂಬರ್‌ಗೆ 26 ದಿನ, 769. ಆರೂ ಸೇರಿ ಹತ್ತಿರ ಹತ್ತಿರ 18,900. ಆರು ತಿಂಗಳ ತೆರಿಗೆ 3.60 ಲಕ್ಷ ಸೇರಿಸಿದರೆ 4.03 ಲಕ್ಷ ಕೈಯಲ್ಲಿ ಬೇಕು, ಅಕ್ಟೋಬರ್‌ನ 60,000 ಬೇರೆ.

ಜನ ಎಡವುವ ಕಡೆ ಎರಡು. ಒಂದು, ಏಪ್ರಿಲ್‌ನ ಲೇಟ್ ಫೀ ಮತ್ತು ಬಡ್ಡಿ ಏಪ್ರಿಲ್ 3ಬಿಯಲ್ಲಿ ಕಾಣುವುದಿಲ್ಲ, ಮೇ 3ಬಿಯ 5.1ನೇ ಕೋಷ್ಟಕಕ್ಕೆ ಬಂದು ಕೂರ್ತದೆ. ಮೊದಲ ರಿಟರ್ನ್ ಸುಲಭದಲ್ಲಿ ಹೋಯ್ತು ಅಂತ ಖುಷಿಪಟ್ಟು ಚಲನ್ ಕಮ್ಮಿ ಮಾಡಿದರೆ ಎರಡನೆಯದರಲ್ಲಿ ಸಿಕ್ಕಿಬೀಳ್ತೀರಿ. ಎರಡು, ಲೇಟ್ ಫೀ, ಬಡ್ಡಿ ಎರಡನ್ನೂ ಕ್ರೆಡಿಟ್‌ನಿಂದ ಕಟ್ಟಲಾಗುವುದಿಲ್ಲ, ಕ್ಯಾಶ್ ಲೆಡ್ಜರ್‌ನಲ್ಲಿ (ಪೋರ್ಟಲ್‌ನ ನಗದು ಖಾತೆ) ದುಡ್ಡು ಇರಬೇಕು. ಚಲನ್ ಮಾಡುವಾಗ ತೆರಿಗೆ, ಬಡ್ಡಿ, ಫೀ ಮೂರು ಅಂಕಣವನ್ನೂ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಬೇರೆ ಬೇರೆ ತುಂಬಿ. ಬ್ಯಾಂಕ್ ಕೌಂಟರ್‌ನಲ್ಲಿ ನಗದು 10,000ದವರೆಗೆ ಮಾತ್ರ. ನೆಟ್ ಬ್ಯಾಂಕಿಂಗ್ ಆದರೆ ಆಗಲೇ ಲೆಡ್ಜರಿಗೆ ಬೀಳ್ತದೆ, ನೆಫ್ಟ್ ಮಾಡಿ ಸಂಜೆಯವರೆಗೆ ಕಾಯುವ ಪುರುಸೊತ್ತು ಈ ವಾರ ನಿಮಗಿಲ್ಲ.

ಅಕ್ಟೋಬರ್‌ನದ್ದು 20ಕ್ಕೆ ಮುಗಿಯುವ ಲಕ್ಷಣ ಇಲ್ಲದಿದ್ದರೂ ಅದರ 60,000 ಅಂದೇ ಲೆಡ್ಜರಿಗೆ ಹಾಕಿಬಿಡಿ. ಕಡೆಯ ದಿನದಿಂದ ಲೆಡ್ಜರ್‌ನಲ್ಲೇ ಕೂತ ದುಡ್ಡಿಗೆ ಬಡ್ಡಿ ಇಲ್ಲ ಅಂತ 2024ರಲ್ಲಿ ನಿಯಮ 88ಬಿ ತಿದ್ದಿದ್ದಾರೆ. ಲೇಟ್ ಫೀ ಮಾತ್ರ ತಪ್ಪುವುದಿಲ್ಲ.

---

ಪಡುಬಿದ್ರೆ ಪೈಪ್

ಇಷ್ಟೆಲ್ಲ ಎಂತಕ್ಕೆ ಮಾರಾಯ್ರೆ? ಸದ್ಯಕ್ಕೆ ಆರಕ್ಕೂ ನಿಲ್ ಹಾಕಿ. ಒಂದಕ್ಕೆ 500ರ ಹಾಗೆ 3,000ದಲ್ಲಿ ಮುಗೀತದೆ, ನೋಟಿಸೂ ಹೋಗ್ತದೆ. ವ್ಯಾಪಾರವನ್ನು ಡಿಸೆಂಬರ್‌ನಲ್ಲಿ ತೋರಿಸಿದರೆ ಆಯ್ತು. ಅದೂ ಆಗದಿದ್ದರೆ ನೋಂದಣಿ ರದ್ದಾಗಲಿ, ಹೊಸದು ತೆಗೆದುಕೊಳ್ಳಿ.

---

ಮಣ್ಣಗುಡ್ಡ ಮುಂಗಡ

ಪಡುಬಿದ್ರೆ ಪೈಪ್ ಹೇಳಿದ ಎರಡು ಸಲಹೆಯನ್ನೂ (ನಿಲ್, ಹೊಸ ನೋಂದಣಿ) ದಯವಿಟ್ಟು ಯಾರೂ ಪಾಲಿಸಬೇಡಿ. ಮಾರುಕಟ್ಟೆಯಲ್ಲಿ ಬಾಯಿಂದ ಬಾಯಿಗೆ ಓಡಾಡುವ ಸಲಹೆ ಇದು, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೀತೇನೆ.

ಇವರ ಏಪ್ರಿಲ್ ಜಿಎಸ್‌ಟಿಆರ್-1ರಲ್ಲಿ ಹತ್ತಿರ ಹತ್ತಿರ 3.90 ಲಕ್ಷದ ಹೊಣೆ ಆಗಲೇ ದಾಖಲಾಗಿದೆ. ಅದರ ಎದುರು ನಿಲ್ 3ಬಿ ಹಾಕುವುದೆಂದರೆ ಸುಳ್ಳು ಹೇಳಿಕೆಗೆ ತಾವಾಗಿ ಸಹಿ ಹಾಕಿದ ಹಾಗೆ. ಜಿಎಸ್‌ಟಿಆರ್-1ರಲ್ಲಿ ತೋರಿಸಿ 3ಬಿಯಲ್ಲಿ ಕಟ್ಟದ ಮೊತ್ತವನ್ನು ಸೆಕ್ಷನ್ 75(12) ಸ್ವಯಂ ನಿರ್ಧರಿಸಿದ ತೆರಿಗೆ ಅಂತಲೇ ನೋಡ್ತದೆ. ವಿಚಾರಣೆಯ ನೋಟಿಸ್ ಹಂತವೇ ಇಲ್ಲದೆ ಸೆಕ್ಷನ್ 79ರ ವಸೂಲಿಗೆ ಹೋಗಬಹುದು, ಬ್ಯಾಂಕ್ ಖಾತೆಯಿಂದ ಕಟ್ಟಿಸಿಕೊಳ್ಳುವುದೂ ಅದರಲ್ಲಿ ಸೇರಿದೆ.

ಇದಕ್ಕಿಂತ ದೊಡ್ಡ ಪೆಟ್ಟು ಬೇರೆ. 2024-25ರಿಂದ ಈಚಿನ ವರ್ಷಗಳಿಗೆ ತೆರಿಗೆ ಬೇಡಿಕೆ, ದಂಡದ ಹಳೆಯ ಸೆಕ್ಷನ್ 73, 74ರ ಬದಲು 74ಎ ಬಂದಿದೆ. ತಡ, ಅಜಾಗರೂಕತೆ ಇಂಥದ್ದಕ್ಕೆ ದಂಡ ತೆರಿಗೆಯ 10% ಅಥವಾ 10,000, ಯಾವುದು ಹೆಚ್ಚೋ ಅದು. ಬೇಕೆಂದೇ ಮುಚ್ಚಿಟ್ಟದ್ದು ಅಂತ ಆದರೆ 100%. ತಡವಾದವನು ಮೊದಲ ಸಾಲಿನಲ್ಲಿ ನಿಂತಿರ್ತಾನೆ, ನಿಲ್ ಹಾಕಿದವನು ತಾನಾಗಿ ಎರಡನೆಯ ಸಾಲಿಗೆ ನಡೆದುಹೋಗ್ತಾನೆ. 20,000 ಲೇಟ್ ಫೀ ಉಳಿಸಲು ಹೋಗಿ ತೆರಿಗೆಯಷ್ಟೇ ದಂಡ.

ತಡ ಮಾಡಿದ್ದಕ್ಕೆ 10% ಬೀಳ್ತದಾ? 30 ದಿನ ಮೀರಿದ ಸ್ವಯಂ ನಿರ್ಧರಿತ ತೆರಿಗೆಗೆ ದಂಡ ಅಂತ ಕಾನೂನಿನಲ್ಲಿ ಉಂಟು. ಆದರೆ ನೋಟಿಸಿಗೆ ಮುಂಚೆ ತೆರಿಗೆಯನ್ನೂ ಬಡ್ಡಿಯನ್ನೂ ಕಟ್ಟಿ ರಿಟರ್ನ್ ಹಾಕಿದವರ ಮೇಲೆ ಹಳೆಯ 73(11)ರ ದಂಡ ಹಾಕುವ ಹಾಗಿಲ್ಲ, ಸೆಕ್ಷನ್ 125ರ ಸಾಮಾನ್ಯ ದಂಡ ಹಾಕಬಹುದು ಅಂತ 2018ರ ಡಿಸೆಂಬರ್‌ನ 76ನೇ ಸುತ್ತೋಲೆ ಹೇಳಿದೆ. ಆ ಸಾಮಾನ್ಯ ದಂಡದ ಗರಿಷ್ಠ 25,000. ಇಲ್ಲಿ ಹೇಳುವ ನೋಟಿಸ್ ತೆರಿಗೆ ಬೇಡಿಕೆಯದ್ದು, ಆರ್‌ಇಜಿ-17 ಅಲ್ಲ. ಹಾಗಾಗಿ ಬೇಡಿಕೆ ನೋಟಿಸ್ ಬರುವ ಮೊದಲೇ ಮುಗಿಸುವುದರಲ್ಲಿ ಲಾಭ ಉಂಟು.

ಮರೆಯಬಾರದ ಇನ್ನೊಂದು ಕಲಂ 122(1)(iii). ಗಿರಾಕಿಯಿಂದ ತೆರಿಗೆ ವಸೂಲು ಮಾಡಿ ಕಡೆಯ ದಿನದಿಂದ ಮೂರು ತಿಂಗಳು ಕಳೆದರೂ ಕಟ್ಟದಿದ್ದರೆ 10,000 ಅಥವಾ ಅಷ್ಟೇ ತೆರಿಗೆ ದಂಡ. ಏಪ್ರಿಲ್, ಮೇ, ಜೂನ್ ಆಗಲೇ ಆ ಗೆರೆ ದಾಟಿವೆ. ಜುಲೈಯದ್ದು ಇದೇ 20ಕ್ಕೆ ದಾಟ್ತದೆ. 20ರೊಳಗೆ ಅಂತ ಮೇಲಿನವರು ಹೇಳಿದ್ದಕ್ಕೆ ಇದೂ ಒಂದು ಕಾರಣ ಅಂತ ಇಟ್ಟುಕೊಳ್ಳಿ.

ಜೈಲು: ಸೆಕ್ಷನ್ 132ರಲ್ಲಿ ತೆರಿಗೆ ವಸೂಲು ಮಾಡಿ ಕಟ್ಟದ್ದಕ್ಕೆ ಶಿಕ್ಷೆ ಶುರುವಾಗುವುದು 2 ಕೋಟಿ ಮೀರಿದ ಮೇಲೆ, ಮೂರು ವರ್ಷದವರೆಗೆ. 5 ಕೋಟಿ ಮೀರಿದರೆ ಐದು ವರ್ಷದವರೆಗೆ. 1 ಕೋಟಿಯ ಮಿತಿ ಈಗ ಉಳಿದಿರುವುದು ಮಾಲಿಲ್ಲದ ಖೋಟಾ ಬಿಲ್ಲಿನವರಿಗೆ. ಇವರದ್ದು 3.60 ಲಕ್ಷ. ಜಿಎಸ್‌ಟಿ ಕಡೆಯಿಂದ ಪಾಲುದಾರರು ನೆಮ್ಮದಿಯಾಗಿ ನಿದ್ದೆ ಮಾಡಬಹುದು.

ಹೊಸ ನೋಂದಣಿಯ ಉಪಾಯ: ಅದೇ ಪ್ಯಾನ್‌ನಲ್ಲಿ ಅರ್ಜಿ ಹಾಕಿದರೆ ಹಳೆಯದು ರಿಟರ್ನ್ ಹಾಕದೆ ರದ್ದಾದದ್ದು ಅಧಿಕಾರಿಯ ಕಣ್ಣಿಗೆ ಬೀಳ್ತದೆ, ರದ್ದತಿ ಹಿಂಪಡೆಯಲು ಅರ್ಜಿ ಹಾಕದಿರುವುದನ್ನೇ ಕಾರಣ ಮಾಡಿ ತಿರಸ್ಕರಿಸಲು 2019ರ ಸುತ್ತೋಲೆಯೇ ಅವಕಾಶ ಕೊಟ್ಟಿದೆ. ಹಳೆಯ ಬಾಕಿ ಅಲ್ಲೇ ಇರ್ತದೆ. ರದ್ದಾದ ಮೂರು ತಿಂಗಳೊಳಗೆ ಜಿಎಸ್‌ಟಿಆರ್-10 (ಕೊನೆಯ ರಿಟರ್ನ್) ಹಾಕಬೇಕು, ತಡವಾದರೆ ದಿನಕ್ಕೆ 200, ಗರಿಷ್ಠ 10,000. ಅಂಗಡಿಯಲ್ಲಿರುವ ದಾಸ್ತಾನಿನ ಮೇಲಿನ ಕ್ರೆಡಿಟ್ ವಾಪಸ್ ಕಟ್ಟಬೇಕು. ಪೈಪಿನ ಗೋದಾಮು ಇಟ್ಟವರಿಗೆ ಇದೇ ಎಲ್ಲಕ್ಕಿಂತ ದುಬಾರಿ.

ಕೊನೆಗೊಂದು ಸಂಶಯ. ಗೋದಾಮಿನ ಮಾಲೀಕರಿಗೆ ಜಿಎಸ್‌ಟಿ ನೋಂದಣಿ ಉಂಟಾ? ಇಲ್ಲದಿದ್ದರೆ 10 ಅಕ್ಟೋಬರ್ 2024ರಿಂದ ಆ ಬಾಡಿಗೆಗೆ ರಿವರ್ಸ್ ಚಾರ್ಜ್ (ಮಾಲೀಕರ ಬದಲು ಬಾಡಿಗೆದಾರರೇ ಜಿಎಸ್‌ಟಿ ಕಟ್ಟುವುದು) ಬರ್ತದೆ, ತಿಂಗಳಿಗೆ 10,800. ಅದನ್ನು ನಗದಾಗಿಯೇ ಕಟ್ಟಬೇಕು, ಅದೇ 3ಬಿಯಲ್ಲಿ ಕ್ರೆಡಿಟ್ ತೆಗೆದುಕೊಳ್ಳಬಹುದು. ಹಾಗಾಗಿ ಕೈಯಿಂದ ಹೋಗುವ ಒಟ್ಟು 60,000 ಬದಲಾಗುವುದಿಲ್ಲ. ಆದರೆ 3ಬಿಯಲ್ಲಿ ಇದನ್ನು ತೋರಿಸುವ 3.1(ಡಿ) ಖಾಲಿ ಬಿಟ್ಟರೆ ಮುಂದೆ ಅದಕ್ಕೇ ಒಂದು ನೋಟಿಸ್.

---

ಸಂತೆಕಟ್ಟೆ ಲೆಡ್ಜರ್

ಮಾಲೀಕರಿಗೆ ನೋಂದಣಿ ಇಲ್ಲ. ರಿವರ್ಸ್ ಚಾರ್ಜ್ ಬಿಟ್ಟೇ ಹೋಗಿತ್ತು, ಸೇರಿಸ್ತೇವೆ.

ಇನ್ನೊಂದು ತುರ್ತು. ಕಾಸರಗೋಡಿನ ಗುತ್ತಿಗೆದಾರರಿಗೆ 2.20 ಲಕ್ಷದ ಪೈಪು ಬುಧವಾರ ಹೋಗಬೇಕು. ಇ-ವೇ ಬಿಲ್ (50,000 ಮೀರಿದ ಮಾಲು ಸಾಗಿಸಲು ಬೇಕಾದ ಪತ್ರ) ಬ್ಲಾಕ್ ಆಗಿದೆ. 50,000ದ ಒಳಗೆ ಐದು ಬಿಲ್ ಮಾಡಿ ಕಳಿಸಬಹುದಾ ಅಂತ ಪಾಲುದಾರರು ಕೇಳ್ತಿದ್ದಾರೆ.

---

ತಲಪಾಡಿ ತಪಾಸಣೆ

ಬೇಡ. ಇಲ್ಲಿ ತೊಂದರೆ ಎರಡು ಪದರದ್ದು.

ಎರಡು ತಿಂಗಳ 3ಬಿ ಬಾಕಿ ಬಿದ್ದರೇ ನಿಯಮ 138ಇ ಪ್ರಕಾರ ಇ-ವೇ ಬಿಲ್ ನಿಲ್ತದೆ. ಅದು ಮಾರುವವನಾಗಿ ನಿಮಗೆ ಮಾತ್ರ. ನಿಮಗೆ ಮಾಲು ಕಳಿಸುವ ಕಂಪನಿ ತನ್ನ ಇ-ವೇ ಬಿಲ್ ಮಾಡಿ ಕಳಿಸಬಹುದು, ಒಳಬರುವ ಮಾಲು ನಿಲ್ಲುವುದಿಲ್ಲ. ಆದರೆ ಈಗ ನೋಂದಣಿಯೇ ಅಮಾನತಾಗಿದೆ. ಈ ಅವಧಿಯಲ್ಲಿ ತೆರಿಗೆ ಬಿಲ್ ಮಾಡುವ ಹಾಗಿಲ್ಲ, ತೆರಿಗೆ ವಸೂಲು ಮಾಡುವ ಹಾಗಿಲ್ಲ. ಬಿಲ್ 45,000ದ್ದಾದರೂ ತಪ್ಪು ತಪ್ಪೇ.

ಐದು ಬಿಲ್ ಒಂದೇ ಲಾರಿಯಲ್ಲಿ ಒಂದೇ ಗಿರಾಕಿಗೆ ಹೋಗ್ತಾ ಇದ್ದರೆ ಗಡಿಯಲ್ಲಿ ನಿಂತವರಿಗೆ ಅದು ಎಂತದ್ದು ಅಂತ ಹೇಳಿಕೊಡಬೇಕಾಗಿಲ್ಲ. ಸೆಕ್ಷನ್ 129ರಲ್ಲಿ ಗಾಡಿ ತಡೆದರೆ, ಮಾಲೀಕ ಮುಂದೆ ಬಂದು ಬಿಡಿಸಿಕೊಳ್ಳುವಾಗ ದಂಡ ತೆರಿಗೆಯ 200%. 2.20 ಲಕ್ಷಕ್ಕೆ ತೆರಿಗೆ 39,600, ದಂಡ 79,200. ಅಷ್ಟರಲ್ಲಿ ನಿಮ್ಮ ಆರು ತಿಂಗಳ ಲೇಟ್ ಫೀ, ಬಡ್ಡಿ ಎಲ್ಲ ಕಟ್ಟಿ ಮೂವತ್ತು ಸಾವಿರದ ಮೇಲೆ ಉಳೀತದೆ. ಲಾರಿ ಬಾಡಿಗೆ, ನಿಂತ ದಿನದ ಹಾಲ್ಟಿಂಗ್ ಬೇರೆ.

ಗುತ್ತಿಗೆದಾರರ ಕಡೆಯಿಂದಲೂ ಯೋಚಿಸಿ. ಮೇ ತಿಂಗಳಿನಿಂದ ನಿಮ್ಮ ಜಿಎಸ್‌ಟಿಆರ್-1 ಇಲ್ಲ ಅಂದರೆ ಅವರ 2ಬಿಯಲ್ಲಿ (ಸಿಗುವ ಕ್ರೆಡಿಟ್ ತೋರಿಸುವ ಪಟ್ಟಿ) ನಿಮ್ಮ ಬಿಲ್ಲೇ ಇಲ್ಲ, ಅವರಿಗೆ ಕ್ರೆಡಿಟ್ ಇಲ್ಲ. ಇಂಥ ಹೊತ್ತಿನಲ್ಲಿ ತೆರಿಗೆಯಷ್ಟು ಹಣ ತಡೆಹಿಡಿಯುವುದು ಎಲ್ಲ ಕಡೆ ನಡೆಯುವ ರೂಢಿ. ನಾಲ್ಕು ದಿನ ತಡ ಆಗ್ತದೆ ಅಂತ ಈಗಲೇ ಫೋನ್ ಮಾಡಿ ಹೇಳುವುದು ಒಳ್ಳೆಯದು.

ಏಳೂ ರಿಟರ್ನ್ ಹೋದ ಮೇಲೆ ಪೋರ್ಟಲ್‌ನಲ್ಲಿ ನೋಟಿಸ್ ಮತ್ತು ಆದೇಶ ನೋಡುವ ಪುಟಕ್ಕೆ ಹೋದರೆ ಪ್ರಕ್ರಿಯೆ ಕೈಬಿಡುವಂತೆ ಕೋರುವ ಬಟನ್ ಸಿಗ್ತದೆ. ಅದನ್ನು ಒತ್ತಿ. ಆಗಲೂ ಅಮಾನತು ತೆಗೆಯದಿದ್ದರೆ ಆರ್‌ಇಜಿ-18ರಲ್ಲಿ ಏಳೂ ರಿಟರ್ನಿನ ಎಆರ್‌ಎನ್ (ಸ್ವೀಕೃತಿ ಸಂಖ್ಯೆ) ಬರೆದು, ಚಲನ್ ಲಗತ್ತಿಸಿ ಉತ್ತರ ಹಾಕಿ. ಒಪ್ಪಿದರೆ ಅಧಿಕಾರಿಯಿಂದ ಆರ್‌ಇಜಿ-20 (ಪ್ರಕ್ರಿಯೆ ಕೈಬಿಟ್ಟ ಆದೇಶ) ಬರ್ತದೆ. ನಿಮ್ಮ ಕಡತ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯಲ್ಲಿ ಉಂಟಾ, ಕೇಂದ್ರದ ಮಂಗಳೂರು ಕಮಿಷನರೇಟ್ ಕೆಳಗೆ ಉಂಟಾ ಅಂತ ನೋಟಿಸಿನ ತಲೆಯಲ್ಲೇ ಇರ್ತದೆ. ತಪ್ಪು ಕಚೇರಿಯ ಮೆಟ್ಟಿಲು ಹತ್ತಿ ಒಂದು ದಿನ ಕಳೆಯಬೇಡಿ.

ಒಂದು ವೇಳೆ ಆರ್‌ಇಜಿ-19 ಬಂದು ರದ್ದಾದರೂ 90 ದಿನದೊಳಗೆ ಆರ್‌ಇಜಿ-21ರಲ್ಲಿ ಹಿಂಪಡೆಯಲು ಕೇಳಬಹುದು. ಆಗಲೂ ಮೊದಲು ಬಾಕಿ ರಿಟರ್ನ್ ಹಾಕಲೇಬೇಕು.

---

ಕುಂದಾಪುರ ಕಾಲಂ

ಟಿಡಿಎಸ್ ಬಗ್ಗೆ ಯಾರೂ ಮುಟ್ಟಲಿಲ್ಲ. ಮೊತ್ತ ಸಣ್ಣದು, ಆದರೆ ಈ ಕಡತದಲ್ಲಿ ಜೈಲು ಎನ್ನುವ ಶಬ್ದ ನಿಜವಾಗಿ ಇರುವುದು ಇಲ್ಲೇ.

ಬಡ್ಡಿ: ಹಿಡಿದು ಕಟ್ಟದ್ದಕ್ಕೆ ತಿಂಗಳಿಗೆ 1.5%, ತಿಂಗಳ ತುಂಡೂ ಪೂರ್ತಿ ತಿಂಗಳೇ. 6,000ಕ್ಕೆ 90 ರೂಪಾಯಿ. ಏಪ್ರಿಲ್‌ನದ್ದನ್ನು ನವೆಂಬರ್‌ನಲ್ಲಿ ಕಟ್ಟಿದರೆ ಎಂಟು ತಿಂಗಳು, ಅಕ್ಟೋಬರ್‌ನದ್ದಕ್ಕೆ ಎರಡು. ಏಳು ತಿಂಗಳ 42,000ಕ್ಕೆ ಒಟ್ಟು ಬಡ್ಡಿ 3,150. 30ಕ್ಕೆ ಹಿಡಿದು ಮುಂದಿನ ತಿಂಗಳು 7ರ ಬದಲು 8ಕ್ಕೆ ಕಟ್ಟಿದರೂ 3% ಆಗ್ತದೆ. ಒಂದೇ ದಿನ ತಡ ಅಂತ ಉದಾಸೀನ ಮಾಡುವವರಿಗೆ ಇದು ಗೊತ್ತಿರುವುದಿಲ್ಲ.

ಲೇಟ್ ಫೀ (ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 234ಇ): ದಿನಕ್ಕೆ 200, ಆ ತ್ರೈಮಾಸಿಕದ ಟಿಡಿಎಸ್ ಮೊತ್ತ ಮೀರುವುದಿಲ್ಲ. ಮೊದಲ ತ್ರೈಮಾಸಿಕ 31 ಜುಲೈಗೆ ಹಾಕಬೇಕಿತ್ತು. 20 ನವೆಂಬರ್‌ಗೆ 112 ದಿನ, 22,400 ಆಗ್ತದೆ, ಆದರೆ ಟಿಡಿಎಸ್ 18,000 ಮಾತ್ರ, ಅಲ್ಲಿಗೆ ನಿಲ್ತದೆ. ಎರಡನೆಯದು 31 ಅಕ್ಟೋಬರ್‌ಗೆ, 20 ದಿನಕ್ಕೆ 4,000. ಇದು ಮನ್ನಾ ಆಗುವ ಬಾಬ್ತಲ್ಲ, ಸ್ಟೇಟ್‌ಮೆಂಟ್ ಹಾಕುವ ಮೊದಲೇ ಕಟ್ಟಬೇಕು.

271ಎಚ್: ಇದು ಲೇಟ್ ಫೀ ಅಲ್ಲದೆ ಬೇರೆ ದಂಡ, 10,000ದಿಂದ 1 ಲಕ್ಷದವರೆಗೆ. ಮೊದಲು ಒಂದು ವರ್ಷದೊಳಗೆ ಹಾಕಿದರೆ ಬಿಡುತ್ತಿದ್ದರು, 1 ಏಪ್ರಿಲ್ 2025ರಿಂದ ಅದು ಒಂದೇ ತಿಂಗಳು. ಮೊದಲನೆಯದು ಆ ಗೆರೆ ದಾಟಿದೆ, ಯೋಗ್ಯ ಕಾರಣ ತೋರಿಸುವುದೊಂದೇ ದಾರಿ. ಎರಡನೆಯದಕ್ಕೆ 30 ನವೆಂಬರ್‌ವರೆಗೆ ಅವಕಾಶ ಉಂಟು. ಜಿಎಸ್‌ಟಿಯ ಗಡಿಬಿಡಿಯಲ್ಲಿ ಆ ದಿನ ಕಳೆದುಕೊಳ್ಳಬೇಡಿ.

276ಬಿ: ಹಿಡಿದ ತೆರಿಗೆ ಕಟ್ಟದಿದ್ದರೆ ಮೂರು ತಿಂಗಳಿಂದ ಏಳು ವರ್ಷ. 2024ರ ಅಕ್ಟೋಬರ್‌ನಿಂದ, ಆ ತ್ರೈಮಾಸಿಕದ ಸ್ಟೇಟ್‌ಮೆಂಟಿನ ಕಡೆಯ ದಿನದೊಳಗೆ ಕಟ್ಟಿದರೆ ಕೇಸಿಲ್ಲ. ಅಕ್ಟೋಬರ್‌ನ 6,000ಕ್ಕೆ ಆ ರಕ್ಷಣೆ ಈಗಲೂ ಉಂಟು, ಉಳಿದ 36,000ಕ್ಕೆ ಇಲ್ಲ. 25 ಲಕ್ಷದೊಳಗಿನ ಮೊತ್ತ, 60 ದಿನಕ್ಕಿಂತ ಕಮ್ಮಿ ತಡ ಆದರೆ ಸಾಮಾನ್ಯವಾಗಿ ಕೇಸು ಹಾಕಬಾರದು ಅಂತ ನೇರ ತೆರಿಗೆ ಮಂಡಳಿಯ 2019ರ ಸುತ್ತೋಲೆ ಉಂಟು. ಇವರ ಮೊತ್ತ ಜುಜುಬಿ, ಆದರೆ ಮೊದಲ ತಿಂಗಳುಗಳ ದಿನ ಮೀರಿದೆ. ನೋಟಿಸ್ ಬರುವ ಮುಂಚೆ ಚಲನ್ ಇರಲಿ. ನನ್ನ ಲೆಕ್ಕದಲ್ಲಿ ಈ 45,150ನ್ನು ಇವತ್ತೇ ಕಟ್ಟಬೇಕು, ಜಿಎಸ್‌ಟಿಗಿಂತ ಮೊದಲು. ಚಲನ್ ಅರ್ಧ ಗಂಟೆಯ ಕೆಲಸ.

ಪಾಲುದಾರಿಕೆ ಸಂಸ್ಥೆ ಅಂದದ್ದರಿಂದ ಇನ್ನೊಂದು: 1 ಏಪ್ರಿಲ್ 2025ರಿಂದ 194ಟಿ ಬಂದಿದೆ. ಪಾಲುದಾರರ ಸಂಬಳ, ಬಂಡವಾಳದ ಬಡ್ಡಿ, ಕಮಿಷನ್ ಸೇರಿ ವರ್ಷಕ್ಕೆ 20,000 ಮೀರಿದರೆ 10% ಹಿಡಿಯಬೇಕು. ವಹಿವಾಟಿನ ಮಿತಿ ಇಲ್ಲ. ಬಂಡವಾಳ ಖಾತೆಗೆ ಜಮಾ ಮಾಡಿದರೂ ಹಿಡಿಯಬೇಕು. ಪುಸ್ತಕದಲ್ಲಿ ಏಪ್ರಿಲ್‌ನಿಂದ ತಿಂಗಳು ತಿಂಗಳು ಪಾಲುದಾರರ ಸಂಬಳ ಬರೆದಿದ್ದಾರಾ ನೋಡಿ. ಬರೆದಿದ್ದರೆ ಮೇಲಿನ 18,000ದ ಮಿತಿಯೂ ಏರ್ತದೆ, 22,400 ಪೂರ್ತಿ ಕಟ್ಟಬೇಕಾಗಬಹುದು.

---

ಮಣ್ಣಗುಡ್ಡ ಮುಂಗಡ

194ಟಿ ನೆನಪಿಸಿದ್ದು ಒಳ್ಳೆಯದಾಯ್ತು. ಈ ವರ್ಷ ಹೆಚ್ಚಿನ ಸಂಸ್ಥೆಗಳಲ್ಲಿ ಬಿಟ್ಟು ಹೋಗುವುದು ಅದೇ.

ಆಡಿಟ್ ವರದಿಗೆ: 271ಬಿ ದಂಡ ವಹಿವಾಟಿನ 0.5% ಅಥವಾ 1.50 ಲಕ್ಷ, ಯಾವುದು ಕಮ್ಮಿಯೋ ಅದು. 2.60 ಕೋಟಿಗೆ 1.30 ಲಕ್ಷ. ಈ ಇಡೀ ಪಟ್ಟಿಯಲ್ಲಿ ಒಂದೇ ಸಾಲಿನ ದೊಡ್ಡ ಮೊತ್ತ ಇದು, ಆದರೆ ತಾನಾಗಿ ಬೀಳುವುದಲ್ಲ. ಅಧಿಕಾರಿ ನೋಟಿಸ್ ಕೊಟ್ಟು ಕೇಳಬೇಕು, ಯೋಗ್ಯ ಕಾರಣ ಇದ್ದರೆ 273ಬಿ ಪ್ರಕಾರ ಬಿಡಲೂಬಹುದು. ಹೇಗೂ ತಡ ಆಯ್ತು ಅಂತ ವರದಿಯನ್ನೇ ಹಾಕದೆ ಇದ್ದರೆ ಆ ಕಾರಣಕ್ಕೆ ಬೆಲೆ ಇರುವುದಿಲ್ಲ. ಐಟಿ ರಿಟರ್ನಿಗೆ ಕಡೆಯ ದಿನ 10 ಡಿಸೆಂಬರ್, ಪಾಲುದಾರರ ಸ್ವಂತ ರಿಟರ್ನಿಗೂ ಅದೇ. ವರದಿ ಅದಕ್ಕಿಂತ ಮುಂಚೆ ಹೋಗಲಿ. 10 ದಾಟಿದರೆ 234ಎಫ್‌ನ 5,000, ತೆರಿಗೆ ಬಾಕಿ ಇದ್ದರೆ ತಿಂಗಳಿಗೆ 1%, ವ್ಯಾಪಾರದ ನಷ್ಟ ಇದ್ದರೆ ಮುಂದಕ್ಕೆ ಒಯ್ಯುವ ಹಕ್ಕೂ ಹೋಗ್ತದೆ.

2024-25ರ ಯಾವುದಾದರೂ ಖರೀದಿ ಬಿಲ್ಲಿನ ಕ್ರೆಡಿಟ್ ತೆಗೆದುಕೊಳ್ಳುವುದು ಬಿಟ್ಟಿದ್ದರೆ 30 ನವೆಂಬರ್ ಕಡೆಯ ದಿನ. ಈಗ ಹಾಕುವ ಏಳು 3ಬಿಗಳಲ್ಲೇ ಎಲ್ಲಾದರೂ ಸೇರಿಸಿ. ಹಳೆಯ ಬಿಲ್ ಫೈಲನ್ನು ಇವತ್ತು ರಾತ್ರಿಯೇ ಒಮ್ಮೆ ತಿರುವಿ ಹಾಕಿ.

---

ಸಂತೆಕಟ್ಟೆ ಲೆಡ್ಜರ್

ಟಿಡಿಎಸ್ ಚಲನ್ ಇವತ್ತೇ ಕಟ್ಟಿಸ್ತೇವೆ. ಲಾರಿ ನಿಲ್ಲಿಸಲು ಹೇಳಿದ್ದೇನೆ. ಮುಂದಿನ ತ್ರೈಮಾಸಿಕದಿಂದ ಕ್ಯೂಆರ್‌ಎಂಪಿಗೆ (ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಕ್ರಮ) ಹೋದರೆ ಈ ತಾಪತ್ರಯ ಕಮ್ಮಿ ಆಗ್ತದಾ?

---

ಬಂದರು ಬಿಲ್‌ಬುಕ್

5 ಕೋಟಿಯೊಳಗೆ ಇರುವುದರಿಂದ ಅರ್ಹತೆ ಉಂಟು. ಜನವರಿ-ಮಾರ್ಚ್‌ಗೆ ಆಯ್ಕೆ ಮಾಡಲು 1 ನವೆಂಬರ್‌ನಿಂದ 31 ಜನವರಿವರೆಗೆ ಕಿಟಕಿ ತೆರೆದಿರ್ತದೆ, ಬಾಕಿ ರಿಟರ್ನ್ ಇದ್ದರೆ ಮಾತ್ರ ಬಿಡುವುದಿಲ್ಲ.

ಆದರೆ ಕಮ್ಮಿ ಆಗುವುದು ರಿಟರ್ನಿನ ಸಂಖ್ಯೆ, ದುಡ್ಡು ಕಟ್ಟುವ ತಾರೀಕಲ್ಲ. ತ್ರೈಮಾಸಿಕದ ಮೊದಲ ಎರಡು ತಿಂಗಳದ್ದನ್ನೂ ಆಯಾ ಮುಂದಿನ ತಿಂಗಳ 25ರೊಳಗೆ ಪಿಎಂಟಿ-06 ಚಲನ್‌ನಲ್ಲಿ ಕಟ್ಟಬೇಕು. ಗುತ್ತಿಗೆದಾರರ ಬಿಲ್ ಅವರ 2ಬಿಯಲ್ಲಿ ತಿಂಗಳು ತಿಂಗಳು ಕಾಣಬೇಕಾದರೆ 13ರೊಳಗೆ ಐಎಫ್‌ಎಫ್ (ಆ ತಿಂಗಳ ಬಿಲ್ಲುಗಳ ಪಟ್ಟಿ) ಹಾಕಬೇಕು. ಮತ್ತೆ ತ್ರೈಮಾಸಿಕದವರಿಗೆ ಎರಡೇ ರಿಟರ್ನ್ ತಪ್ಪಿದರೂ ಇದೇ ಆರ್‌ಇಜಿ-17 ಬರ್ತದೆ. ನಿಮ್ಮ ಗಿರಾಕಿಗಳಲ್ಲಿ ಬಹಳ ಜನ ಗುತ್ತಿಗೆದಾರರಾದರೆ ಈಗಿನ ತಿಂಗಳ ಕ್ರಮದಲ್ಲೇ ಇರಿ.